ಬಡಗಣದ ಹೊಳಿ

ಹರ್ತಿ ಎರಡು ನದಿಗಳ ನಡುವಿನ ಎರೆಭೂಮಿಯ ಊರು. ತೆಂಕಣಕ್ಕೆ ತುಂಗಭದ್ರೆ, ಬಡಗಣಕ್ಕೆ ಮಲಪ್ರಭೆ. ಎರಡೂ ದೂರವೇ. ಆದರೂ ನಾನು ಹೆಚ್ಚು ಮೆಚ್ಚಿಕೊಂಡದ್ದು ಬಡಗಣದ ಹೊಳಿಯನ್ನು.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಅರಬ್ಬಿ ಸಮುದ್ರ ಅಷ್ಟು ಹತ್ತಿರವಿದ್ದರೂ ಅದಕ್ಕೆ ಬೆನ್ನು ಮಾಡಿ ಮೂಡಣಕ್ಕೆ ನಡೆಯುತ್ತಾಳೆ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಗುಡ್ಡಗಳನ್ನು ಸೀಳಿಕೊಂಡು ಬಯಲಿಗಿಳಿಯುತ್ತಾಳೆ. ಸುಮಾರು 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಪಟ್ಟದಕಲ್ಲಿನಲ್ಲಿ ಉತ್ತರಕ್ಕೆ ತಿರುಗುವುದರಿಂದ ಅಲ್ಲಿ ಅವಳು ಉತ್ತರವಾಹಿನಿ. ಆ ದಂಡೆಯನ್ನು ಜನ ಪುಣ್ಯಕ್ಷೇತ್ರವೆಂದು ನಂಬಿದರು, ಚಾಲುಕ್ಯರು ಅಲ್ಲಿಯೇ ಗುಡಿಗಳನ್ನು ಕಟ್ಟಿಸಿದರು.

ನಮ್ಮ ಜನ ಹೆಸರಿಡುವ ಪರಿ ನೋಡಿ. ದಂಡೆಯ ಊರುಗಳಿಗೆ ಹೊಳೆಯನ್ನೇ ಮುಂದಿಟ್ಟು ಕರೆದರು: ಮಲಪ್ರಭೆಯ ಕಡೆ ಹೊಳೆಆಲೂರು, ಹೊಳೆಮಣ್ಣೂರು, ತುಂಗಭದ್ರೆಯ ಕಡೆ ಹೊಳೆಇಟಗಿ. ಆಲೂರು, ಇಟಗಿ ಎಂಬ ಊರುಗಳು ಬೇರೆಡೆಯೂ ಇವೆ. ಯಾವ ಊರೆಂದು ತಿಳಿಸಲು ನೀರೇ ಗುರುತಾಯಿತು.

ಮಲಪ್ರಭೆಗೆ ಸೇರುವ ಬೆಣ್ಣಿಹಳ್ಳದ ಹೆಸರು ಇನ್ನೂ ಸೊಗಸು. ಮಳೆಗಾಲದಲ್ಲಿ ಅದು ಹೊಲಗಳನ್ನೇ ನುಂಗುವಷ್ಟು ಉಕ್ಕುತ್ತದೆ, ಬ್ಯಾಸಗಿಯಲ್ಲಿ ಬತ್ತುತ್ತದೆ. ಎಷ್ಟೇ ಉಕ್ಕಿದರೂ ಜನರ ಬಾಯಲ್ಲಿ ಅದು ಹಳ್ಳವೇ. ನೀರಿನ ಸ್ವಭಾವವನ್ನು ತಲೆಮಾರುಗಳಿಂದ ಕಂಡವರ ನಿಖರತೆ ಇದು.

ನಕಾಶೆ ಬರುವ ಮೊದಲೇ ಈ ಸೀಮೆಯ ಭೂಗೋಳವನ್ನು ರೈತರು ಊರ ಹೆಸರುಗಳಲ್ಲಿ ಬರೆದಿಟ್ಟಿದ್ದಾರೆ. ಮಕ್ಕಳಿಗೆ ಭೂಗೋಳದ ಮೊದಲ ಪಾಠವಾಗಿ ಇವನ್ನೇ ಹೇಳಿಕೊಡಬೇಕು.