ಕಥೆ ಬಿದ್ದರೂ ನಿಂತ ಪ್ರಯೋಗ

ಮನಶ್ಶಾಸ್ತ್ರದ ಮೊದಲ ವರ್ಷದ ಪಠ್ಯ ಓದಿದವರನ್ನು ಕೆಲ ಕಾಲ ಬಿಟ್ಟು ಮಾತಾಡಿಸಿದರೆ ಬಾಯಿಗೆ ಬರುವುದು ಕಥೆಗಳು: ಪಾವ್ಲೋವ್‌ನ ನಾಯಿ, ವಾಟ್ಸನ್ ಬೆದರಿಸಿದ ಪುಟ್ಟ ಆಲ್ಬರ್ಟ್, ಸ್ಟ್ಯಾನ್‌ಫರ್ಡ್‌ನ ನಕಲಿ ಜೈಲು, ಕಿಟ್ಟಿ ಜಿನೊವೀಸ್‌ಳ ಕೊಲೆ. ಪಠ್ಯವನ್ನು ಎಳೆದುಕೊಂಡು ಓದುವಂತೆ ಮಾಡುವುದು ಇವೇ. ನನ್ನ ದೊಡ್ಡ ಆಕ್ಷೇಪವೂ ಇವುಗಳ ಮೇಲೆಯೇ. ಕಥೆ ರುಚಿಸಿದಷ್ಟೂ ಪುರಾವೆ ಕೇಳುವ ಅಭ್ಯಾಸ ತಪ್ಪುತ್ತದೆ.

ಜಿನೊವೀಸ್ ಪ್ರಕರಣವನ್ನೇ ನೋಡಿ. 1964ರ ಮಾರ್ಚ್ 13ರ ನಸುಕಿನಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಆಕೆಯನ್ನು ಮನೆಯ ಹತ್ತಿರವೇ ಇರಿದು ಕೊಲ್ಲಲಾಯಿತು. 38 ಮಂದಿ ನೋಡುತ್ತ ನಿಂತರು, ಹಲ್ಲೆ ನಡೆಯುವಾಗ ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ ಎಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು. ದಶಕಗಳ ಕಾಲ ಪಠ್ಯಪುಸ್ತಕಗಳು ಇದನ್ನೇ ನಕಲು ಮಾಡಿದವು. 2007ರಲ್ಲಿ ಸಂಶೋಧಕರಾದ ಮ್ಯಾನಿಂಗ್, ಲೆವಿನ್ ಮತ್ತು ಕಾಲಿನ್ಸ್ ದಾಖಲೆಗಳನ್ನು ಕೆದಕಿದಾಗ ಅಂಥ 38 ಪ್ರೇಕ್ಷಕರು ಇದ್ದರೆಂಬುದಕ್ಕೆ ಆಧಾರವೇ ಸಿಗಲಿಲ್ಲ. ಎರಡನೆಯ ಸಲ ಇರಿದದ್ದು ಹೆಚ್ಚಿನವರ ಕಣ್ಣಿಗೆ ಬೀಳದ ಕಟ್ಟಡದ ಒಳಬಾಗಿಲಲ್ಲಿ. ಸೋಫಿಯಾ ಫರಾರ್ ಎಂಬ ನೆರೆಯಾಕೆ ಓಡಿಬಂದು, ಸಾಯುತ್ತಿದ್ದ ಕಿಟ್ಟಿಯನ್ನು ತಬ್ಬಿಕೊಂಡು ಕುಳಿತಿದ್ದಳು. ಈ ಹೆಂಗಸಿನ ಹೆಸರು ಪಠ್ಯದಲ್ಲಿ ಇಲ್ಲದಿರುವುದು ನನಗೆ ಅನ್ಯಾಯವೆನಿಸುತ್ತದೆ.

ಸುತ್ತ ಜನರಿದ್ದಷ್ಟೂ ಒಬ್ಬೊಬ್ಬರೂ ನೆರವಿಗೆ ಹಿಂಜರಿಯುತ್ತಾರೆ ಎನ್ನುವ ‘ಪ್ರೇಕ್ಷಕ ಪರಿಣಾಮ’ವನ್ನು ಪಠ್ಯ ಈ ಕಥೆಯಿಂದಲೇ ವಿವರಿಸುತ್ತದೆ. ಕಥೆ ಸುಳ್ಳಾದರೆ ಆ ಪರಿಕಲ್ಪನೆಯೂ ಬಿತ್ತೇ? ಇಲ್ಲ. ಆ ವರದಿಯಿಂದ ಕದಡಿದ ಮನಶ್ಶಾಸ್ತ್ರಜ್ಞರಾದ ಡಾರ್ಲಿ ಮತ್ತು ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗ ತನ್ನ ಕಾಲ ಮೇಲೆ ತಾನೇ ನಿಂತಿದೆ. ವಿದ್ಯಾರ್ಥಿಯನ್ನು ಕೋಣೆಯಲ್ಲಿ ಒಬ್ಬನೇ ಕೂರಿಸಿ ಮೈಕಿನಲ್ಲಿ ಇತರರೊಡನೆ ಮಾತಿಗೆ ಬಿಟ್ಟರು. ನಡುವೆ ಒಬ್ಬನಿಗೆ ಫಿಟ್ಸ್ ಬಂದ ಸದ್ದು. ಅದು ಮೊದಲೇ ಧ್ವನಿಮುದ್ರಿಸಿಟ್ಟದ್ದು. ಕೇಳುತ್ತಿರುವುದು ತಾನೊಬ್ಬನೇ ಎಂದುಕೊಂಡವರಲ್ಲಿ ಆ ದನಿ ನಿಲ್ಲುವುದರೊಳಗೆ ನೆರವಿಗೆ ಎದ್ದವರು ಶೇ. 85. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಶೇ. 31. ಏಳದವರು ಕಲ್ಲೆದೆಯವರಲ್ಲ, ಅವರ ಕೈ ನಡುಗುತ್ತಿತ್ತು, ಅಂಗೈ ಬೆವೆತಿತ್ತು ಎಂದು ಸಂಶೋಧಕರೇ ಬರೆದಿದ್ದಾರೆ. ಹೊಣೆ ಹಂಚಿಹೋದಾಗ ಮನುಷ್ಯ ತಡವರಿಸುತ್ತಾನೆ ಎನ್ನುವುದಕ್ಕೂ ಪಟ್ಟಣದವರಿಗೆ ಕರುಣೆಯಿಲ್ಲ ಎನ್ನುವುದಕ್ಕೂ ಇರುವ ಅಂತರ ಇದೇ. ಆಮೇಲೆ 2019ರ ಅಧ್ಯಯನವೊಂದು ಲ್ಯಾಂಕಾಸ್ಟರ್, ಆಮ್‌ಸ್ಟರ್‌ಡ್ಯಾಮ್ ಮತ್ತು ಕೇಪ್‌ಟೌನ್ ಬೀದಿಗಳ ಸಿಸಿಟಿವಿ ದೃಶ್ಯಗಳನ್ನು ಪರಿಶೀಲಿಸಿತು: ಹತ್ತು ಜಗಳಗಳಲ್ಲಿ ಒಂಬತ್ತರಲ್ಲಿ ಒಬ್ಬರಾದರೂ ನಡುವೆ ಬಂದಿದ್ದರು. ಒಬ್ಬೊಬ್ಬರೂ ಹಿಂಜರಿಯಬಹುದು, ಆದರೂ ಗುಂಪಿನಲ್ಲಿ ಯಾರಾದರೊಬ್ಬರು ಮುಂದೆ ಬರುವ ಸಾಧ್ಯತೆ ಹೆಚ್ಚಬಹುದು. ಈ ಎರಡನ್ನೂ ಜೊತೆಗಿಟ್ಟು ಕಲಿಸುವ ಪಾಠ ಎಷ್ಟು ಶ್ರೀಮಂತವಾಗಿರುತ್ತದೆ!

ಸ್ಟ್ಯಾನ್‌ಫರ್ಡ್ ಜೈಲಿಗೆ ನಾನು ಇಷ್ಟು ಉದಾರಿಯಾಗಲಾರೆ. 1971ರಲ್ಲಿ ಆರೇ ದಿನಕ್ಕೆ ನಿಂತ ಆ ಪ್ರದರ್ಶನದಲ್ಲಿ ಕಾವಲುಗಾರರ ಪಾತ್ರ ವಹಿಸಿದವರಿಗೆ ಹೇಗೆ ನಡೆದುಕೊಳ್ಳಬೇಕೆಂಬ ಸೂಚನೆ ಮೊದಲೇ ಸಿಕ್ಕಿತ್ತೆಂದು ಸಂಶೋಧಕ ತಿಬೋ ಲ ತೆಕ್ಸಿಯೆ ದಾಖಲೆಗಳಿಂದ ತೋರಿಸಿದ್ದಾರೆ. ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ. ಅದನ್ನು ಪಠ್ಯದಲ್ಲಿ ಇಡುವುದಾದರೆ ಪ್ರಯೋಗ ಹೇಗಿರಬಾರದು ಎಂಬ ಅಧ್ಯಾಯದಲ್ಲಿ ಇಡಲಿ.

ಸ್ಮೃತಿಯ ಅಧ್ಯಾಯ ಮಾತ್ರ ಈ ಪಠ್ಯದ ಹೆಮ್ಮೆ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತನ್ನ ಮೇಲೇ ಪ್ರಯೋಗಿಸಿ 1885ರಲ್ಲಿ ಎಬ್ಬಿಂಗ್‌ಹೌಸ್ ಅಳೆದ ಮರೆವಿನ ಗತಿ ಇಂದಿಗೂ ಮಾನ್ಯ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದು ವಿದ್ಯಾರ್ಥಿಗೆ ಇನ್ನೂ ಹತ್ತಿರದ್ದು: ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರು ಮುಂದೆ, ಒಂದು ವಾರದ ನಂತರ ಕೇಳಿದರೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು ಮುಂದೆ. ಇದೇ ಅಧ್ಯಾಯವನ್ನು ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಹಿಡಿದು ಉರುಹೊಡೆಯುವುದನ್ನು ತಪ್ಪಿಸುವ ಕೆಲಸ ಪ್ರಶ್ನೆಪತ್ರಿಕೆಯದ್ದು. ‘ಪ್ರೇಕ್ಷಕ ಪರಿಣಾಮದ ಬಗ್ಗೆ ಟಿಪ್ಪಣಿ ಬರೆಯಿರಿ’ ಎನ್ನುವ ಬದಲು ಆ 85 ಮತ್ತು 31ನ್ನು ಮುಂದಿಟ್ಟು, ಗುಂಪುಗಳನ್ನು ಹೇಗೆ ಮಾಡಿದ್ದರೆ ಈ ಅಂಕಿಗಳನ್ನು ನಂಬಬಹುದು ಎಂದು ಕೇಳಲಿ.