ಬಿಟ್ಟಿ ಆಟದ ಲೆಕ್ಕ

ಹದಿನಾರು ಮನೆ, ನಾಲ್ಕು ದಿಕ್ಕಿಗೆ ಬೆರಳು ಸವರುವುದು. ‘2048’ ಎಂಬ ಮೊಬೈಲ್ ಆಟ ಇಷ್ಟೇ. ಎರಡಕ್ಕೆ ಎರಡು ಡಿಕ್ಕಿಯಾದರೆ ನಾಲ್ಕು, ನಾಲ್ಕಕ್ಕೆ ನಾಲ್ಕು ಸೇರಿದರೆ ಎಂಟು. ಹೀಗೆ ದುಪ್ಪಟ್ಟಾಗುತ್ತ 2048 ಮುಟ್ಟಬೇಕು. ಇಟಲಿಯ ಹತ್ತೊಂಬತ್ತರ ಹುಡುಗ ಗೇಬ್ರಿಯೆಲೆ ಚಿರುಲ್ಲಿ 2014ರ ಮಾರ್ಚ್‌ನಲ್ಲಿ ಒಂದು ವಾರಾಂತ್ಯ ಕೂತು ಇದನ್ನು ಬರೆದ. ಆಗ ಅದು ಬ್ರೌಸರ್‌ನಲ್ಲಿ ಆಡುವ ಆಟ. ವಾರ ತುಂಬುವ ಮೊದಲೇ ನಲವತ್ತು ಲಕ್ಷ ಮಂದಿ ಬಂದುಹೋದರು.

ಅವನು ಆಟದ ಜೊತೆಗೆ ಅದರ ಕೋಡನ್ನೂ ಬಿಟ್ಟಿಯಾಗಿ ಕೊಟ್ಟ. ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದು. ಅಂಕಿಯ ಜಾಗದಲ್ಲಿ ನಾಯಿಯ ಮುಖ ಬಂತು, ಟಿವಿ ಧಾರಾವಾಹಿಯ ಪಾತ್ರಗಳು ಬಂದವು. ಒಂದೊಂದು ನಕಲೂ ಮೂಲದ ಹೆಸರಿನಲ್ಲಿ ಡಂಗುರ ಸಾರಿತು. ದುಡ್ಡು ಸುರಿದರೂ ಸಿಗದ ಪ್ರಚಾರ ಅದು.

ಆದರೆ ಈ ಕಲ್ಪನೆ ಅವನದಲ್ಲ. ಅದನ್ನು ಅವನೇ ಒಪ್ಪಿಕೊಂಡ; ವೀವೋ ಸ್ಟುಡಿಯೋದ ‘1024’ ಆಟದ ಋಣವನ್ನೂ ಆಶರ್ ವಾಲ್ಮರ್ ಅವರ ‘ಥ್ರೀಸ್’ ಜೊತೆಗಿನ ಹೋಲಿಕೆಯನ್ನೂ ಆಟದ ಕೆಳಗೇ ಬರೆದ. ಹುಡುಗ ಪ್ರಾಮಾಣಿಕ. ‘1024’ ಮಾತ್ರ ಹಾಗಲ್ಲ. ‘ಥ್ರೀಸ್’ಗೆ ದುಡ್ಡು ಕೊಡಬೇಕಿಲ್ಲ, ನಮ್ಮದು ಬಿಟ್ಟಿ ಎಂಬುದೇ ಅದರ ಜಾಹೀರಾತಾಗಿತ್ತು. ಪಕ್ಕದ ಅಂಗಡಿಯ ಬಾಗಿಲಲ್ಲೇ ನಿಂತು ಗಿರಾಕಿ ಕರೆಯುವ ಈ ಬಗೆಗೆ ನಾಚಿಕೆ ಕಡಿಮೆ.

‘ಥ್ರೀಸ್’ ಅನ್ನು ವಾಲ್ಮರ್ ಮತ್ತು ಗ್ರೆಗ್ ವೋಲ್ವೆಂಡ್ ಹದಿನಾಲ್ಕು ತಿಂಗಳು ಕಡೆದಿದ್ದರು. ಆ ಕಡೆತ ಆಡುವಾಗ ಬೆರಳಿಗೆ ತಿಳಿಯುತ್ತದೆ. ಅಲ್ಲಿ ಒಂದಕ್ಕೆ ಎರಡೇ ಜೋಡಿ, ಒಂದಕ್ಕೆ ಒಂದು ಕೂಡದು. ಸವರಿದರೆ ಬಿಲ್ಲೆ ಒಂದೇ ಮನೆ ಸರಿಯುತ್ತದೆ. ಮುಂದೆ ಬರುವ ಬಿಲ್ಲೆಯ ಸುಳಿವೂ ಸಿಗುತ್ತದೆ, ಹಾಗಾಗಿ ಸೋತರೆ ದೂರಲು ಅದೃಷ್ಟವೂ ಪೂರ್ತಿ ಕೈಗೆ ಸಿಗುವುದಿಲ್ಲ. ‘2048’ರಲ್ಲಿ ಬಿಲ್ಲೆಗಳು ಗೋಡೆ ಮುಟ್ಟುವವರೆಗೂ ಜಾರುತ್ತವೆ, ದೊಡ್ಡ ಅಂಕಿಯನ್ನು ಒಂದು ಮೂಲೆಗೆ ಕಟ್ಟಿಹಾಕಿ ಎರಡೇ ದಿಕ್ಕಿಗೆ ತಿಕ್ಕುತ್ತಿದ್ದರೆ ಅರ್ಧ ದಾರಿ ತಾನಾಗಿ ಸಾಗುತ್ತದೆ. ಗುಟ್ಟು ಗೊತ್ತಾದ ದಿನವೇ ನನಗೆ ಅದರ ರುಚಿ ಹೋಯಿತು. (ಆಮೇಲೂ ಬಸ್ಸಿನಲ್ಲಿ ಆಡಿದ್ದೇನೆ, ಸುಳ್ಳು ಹೇಳಲಾರೆ.) ಕಲೆಯಾಗಿ ‘ಥ್ರೀಸ್’ ಮೇಲು, ಆದರೆ ಮೊದಲ ಸವರಿಕೆಗೇ ‘ನನ್ನ ಕೈಲಾಗುತ್ತದೆ’ ಅನ್ನಿಸುವ ಸಲುಗೆ ‘2048’ಕ್ಕಿದೆ. ಬಾಯಿಂದ ಬಾಯಿಗೆ ಹಬ್ಬಿದ್ದರಲ್ಲಿ ಬಿಟ್ಟಿಯಷ್ಟೇ ಪಾಲು ಈ ಸಲುಗೆಗೂ ಇದೆ.

ವಿಪರೀತವೆಂದರೆ, ಕಡೆಗೆ ‘ಥ್ರೀಸ್’ ಅನ್ನೇ ‘2048’ರ ನಕಲು ಎಂದವರಿದ್ದರು. ಅದರ ಕರ್ತೃಗಳು ಆಟ ರೂಪುಗೊಂಡ ಕಾಲದ ತಮ್ಮ ಮಿಂಚಂಚೆಗಳನ್ನೆಲ್ಲ ಬಹಿರಂಗಪಡಿಸಿ ತಮ್ಮ ದುಡಿಮೆಗೆ ಸಾಕ್ಷಿ ಒದಗಿಸಬೇಕಾಯಿತು. 2015ರಲ್ಲಿ ಅವರೂ ಒಂದು ಬಿಟ್ಟಿ ಆವೃತ್ತಿ ತಂದರು: ಜಾಹೀರಾತು ನೋಡಿದರೆ ಇನ್ನಷ್ಟು ಆಟ.