ಕರಣಿಕನ ಕಡತ, ಕವಿಯ ರಗಳೆ

ಕೆಲಸ ಬಿಟ್ಟು ತನ್ನ ದಾರಿ ಹಿಡಿದವರ ಉದಾಹರಣೆ ಬೇಕಾದಾಗ ಕನ್ನಡದ ಮೇಷ್ಟರುಗಳ ಬಾಯಿಗೆ ಮೊದಲು ಬರುವ ಹೆಸರು ಹರಿಹರನದು. ಅವನು ಹೊಯ್ಸಳರ ರಾಜಧಾನಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ನರಸಿಂಹ ಬಲ್ಲಾಳನ ಕರಣಿಕನಾಗಿದ್ದ. ಲೆಕ್ಕ ಬರೆಯುವಾಗಲೂ ಅವನ ಮನಸ್ಸು ಹಂಪೆಯ ವಿರೂಪಾಕ್ಷನಲ್ಲೇ ಇತ್ತು. ಒಂದು ದಿನ ಓಲಗದಲ್ಲಿ ಕುಳಿತಿದ್ದವನು ಇದ್ದಕ್ಕಿದ್ದಂತೆ ಕಡತವನ್ನು ಎರಡೂ ಕೈಯಲ್ಲಿ ಉಜ್ಜತೊಡಗಿದ. ಏಕೆಂದು ಕೇಳಿದರೆ, ಹಂಪೆಯಲ್ಲಿ ಸ್ವಾಮಿಯ ಮುಂದಿನ ತೆರೆಗೆ ಬೆಂಕಿ ಹತ್ತಿತ್ತು, ಆರಿಸಿದೆ ಎಂದ. ಅರಸ ವಿಚಾರಿಸಿದರೆ ಮಾತು ನಿಜವಾಗಿತ್ತು. ಅಲ್ಲಿಗೆ ಅವನ ನೌಕರಿ ಮುಗಿಯಿತು, ಕಾವ್ಯ ಶುರುವಾಯಿತು.

ಈ ಕತೆ ಹರಿಹರನಿಗಿಂತ ಬಹಳ ಈಚಿನ ವೀರಶೈವ ಚರಿತ್ರೆಗಳ ಮೂಲಕ ನಮಗೆ ಬಂದದ್ದು. ಅವನ ಕಾಲದ ಬಗ್ಗೆಯೇ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹಾಗಾಗಿ ಇದನ್ನು ಘಟನೆಯೆಂದು ಓದುವುದಕ್ಕಿಂತ ಒಂದು ಓದುಗ ಸಮುದಾಯ ತನ್ನ ಕವಿಯನ್ನು ಹೇಗೆ ಕಲ್ಪಿಸಿಕೊಂಡಿತು ಎಂದು ಓದುವುದು ಲೇಸು. ನನ್ನ ತಕರಾರು ಕತೆಯ ಮೇಲಲ್ಲ, ಅದನ್ನು ಇವತ್ತು ಬಳಸುವ ರೀತಿಯ ಮೇಲೆ. ಫೆಲೋಷಿಪ್ಪಿನ ಅವಧಿ ಮುಗಿಯುತ್ತ ಬಂದ ನನ್ನ ಓರಗೆಯವರಲ್ಲಿ ಹಲವರು ಪ್ರಬಂಧದ ಪಕ್ಕದಲ್ಲೇ ಎಫ್‌ಡಿಎ ಪರೀಕ್ಷೆಯ ಗೈಡನ್ನೂ ಇಟ್ಟುಕೊಂಡಿದ್ದಾರೆ. ಅವರಿಗೆ ಯಾರಾದರೂ ಹರಿಹರನ ಕತೆ ಹೇಳಿದರೆ ಅದು ಹುರುಪಿನ ಮಾತಾಗಿ ಕೇಳಿಸದೆ ಚುಚ್ಚುಮಾತಾಗಿ ಕೇಳಿಸುತ್ತದೆ. ಕಚೇರಿ ಒಂದು ಕಡೆ, ಒಲವು ಇನ್ನೊಂದು ಕಡೆ, ನಡುವೆ ದಾಟಲೇಬೇಕಾದ ಹೊಳೆ. ಹರಿಹರನ ಕಾವ್ಯ ಹೇಳುವುದು ಇದನ್ನೇ ಏನು?

ಮೊದಲು ಆ ಕರಣಿಕನ ಕೆಲಸ ಎಂಥದ್ದೆಂದು ನೋಡಬೇಕು. ಹೊಯ್ಸಳ ನಾಡಿನ ಲೆಕ್ಕಾಚಾರ ಇಂದು ನಮಗೆ ಸಿಗುವುದು ಕಲ್ಲಿನ ಮೇಲೆ. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ 5ನೆಯ ಸಂಪುಟ ಹಾಸನ ಜಿಲ್ಲೆಯ ಶಾಸನಗಳದ್ದು. ಅದರಲ್ಲಿ ಅರಸೀಕೆರೆ, ಬೇಲೂರು ಸೀಮೆಯ ಶಾಸನಗಳನ್ನು ಓದುತ್ತ ಹೋದರೆ ಮೊದಲ ಸಾಲುಗಳ ಸ್ತುತಿ, ವಂಶಾವಳಿ, ಬಿರುದುಗಳೆಲ್ಲ ಮುಗಿದ ಮೇಲೆ ನಿಜವಾದ ಲೆಕ್ಕ ಶುರುವಾಗುತ್ತದೆ: ಯಾವ ಕೆರೆಯ ಕೆಳಗೆ ಎಷ್ಟು ಗದ್ದೆ, ನಂದಾದೀಪಕ್ಕೆ ಎಷ್ಟು ಎಣ್ಣೆ, ನೈವೇದ್ಯಕ್ಕೆ ಏನು. ಅರಸೀಕೆರೆಯ ಶಿವಾಲಯ 1220ರ ಸುಮಾರಿನದು. ಅದರ ನಕ್ಷತ್ರಾಕಾರದ ಮುಖಮಂಟಪವನ್ನು ನೋಡಿ ಬೆರಗಾಗುವ ನಾವು ಆ ಗುಡಿಯಲ್ಲಿ ದಿನಾ ದೀಪ ಉರಿಯಬೇಕಾದರೆ ಯಾರೋ ಒಬ್ಬ ಎಣ್ಣೆಯ ಲೆಕ್ಕ ಇಟ್ಟಿರಲೇಬೇಕು ಎಂಬುದನ್ನು ಮರೆಯುತ್ತೇವೆ. ಲೆಕ್ಕ ಭಕ್ತಿಯ ಶತ್ರುವಾಗಿರಲಿಲ್ಲ, ಅದರ ತಳಪಾಯವಾಗಿತ್ತು.

ಇನ್ನು ಆ ಕಡತ. ಇಂದು ನಾವು ಸರ್ಕಾರಿ ಫೈಲಿಗೆ ಬಳಸುವ ಈ ಮಾತು ಹಿಂದೆ ಒಂದು ವಸ್ತುವಿನ ಹೆಸರು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಮಾಡಿದ ಕಪ್ಪು ಪುಸ್ತಕ ಅದು. ಬರೆಯುತ್ತಿದ್ದದ್ದು ಬಳಪದಿಂದ. ತಪ್ಪಾದರೆ ಉಜ್ಜಿ ಅಳಿಸಿ ಮತ್ತೆ ಬರೆಯಬಹುದು. ಉಜ್ಜಿದ ಕೈಗೆ ಮಸಿ ಹತ್ತುತ್ತದೆ. ಬೆಂಕಿ ಆರಿಸಿದ ಕತೆ ಹುಟ್ಟಿದ್ದು ಕರಣಿಕನ ಈ ದಿನನಿತ್ಯದ ಚಲನೆಯಿಂದಲೇ ಇರಬೇಕು ಎಂದು ನನಗೆ ಅನಿಸುತ್ತದೆ. ಲೆಕ್ಕ ಅಳಿಸುವ ಕೈಯೇ ಬೆಂಕಿ ಆರಿಸುವ ಕೈಯೂ ಹೌದು. ಬೇಲೂರು, ಹಳೇಬೀಡು, ಅರಸೀಕೆರೆಯ ಗುಡಿಗಳನ್ನು ಕಡೆದ ಕಲ್ಲನ್ನೂ ನಾವು ಬಳಪದ ಕಲ್ಲು ಎಂದೇ ಕರೆಯುತ್ತೇವೆ. ಒಂದೇ ಕಲ್ಲಿನ ಚೂರು ಕರಣಿಕನ ಬೆರಳಲ್ಲಿ, ಅದರ ಬಂಡೆ ಶಿಲ್ಪಿಯ ಉಳಿಯ ಕೆಳಗೆ.

ಹಂಪೆಗೆ ಹೋದ ಹರಿಹರ ಬರೆದದ್ದು ರಗಳೆ. ಆಸ್ಥಾನದ ಗೌರವವಿದ್ದದ್ದು ಚಂಪುವಿಗೆ. ಅದೂ ಅವನಿಗೆ ಬರುತ್ತಿತ್ತು ಎಂಬುದಕ್ಕೆ ಹತ್ತು ಆಶ್ವಾಸಗಳ ‘ಗಿರಿಜಾಕಲ್ಯಾಣ’ವೇ ಸಾಕ್ಷಿ. ಆದರೆ ನೂರಕ್ಕೂ ಹೆಚ್ಚು ಶರಣರ ಬಾಳನ್ನು ಹೇಳುವುದಕ್ಕೆ ಅವನು ಆರಿಸಿಕೊಂಡದ್ದು ಸಾಲುಗಳಿಗೆ ಮಿತಿಯೇ ಇಲ್ಲದ ಛಂದಸ್ಸನ್ನು. ಕಂದಕ್ಕೆ ನಾಲ್ಕು ಸಾಲಿನ ಬೇಲಿಯಿದೆ, ವೃತ್ತಕ್ಕೆ ಗಣಗಳ ಕಟ್ಟುಪಾಡಿದೆ. ರಗಳೆಯೋ ಎರಡೆರಡು ಸಾಲಿಗೆ ಪ್ರಾಸ ಕೂಡಿಸಿಕೊಂಡು, ಹೇಳುವುದು ಮುಗಿಯುವವರೆಗೂ ಮಡಿಕೆ ಬಿಚ್ಚುತ್ತಲೇ ಹೋಗುತ್ತದೆ. ಕಡತವೂ ಹಾಗೆಯೇ ಬಿಚ್ಚಿಕೊಳ್ಳುತ್ತಿತ್ತು. ‘ಪುಷ್ಪರಗಳೆ’ಯನ್ನು ನೋಡಿ. ಮುಂಜಾನೆ ಎದ್ದು ತೋಟಕ್ಕೆ ಹೋಗಿ, ಒಂದೊಂದು ಹೂವನ್ನೂ ಹೆಸರು ಹಿಡಿದು ಮಾತನಾಡಿಸಿ, ಬಿಡಿಸಿ, ವಿರೂಪಾಕ್ಷನಿಗೆ ಏರಿಸುವುದಷ್ಟೇ ಅದರ ವಸ್ತು. ಒಂದು ಹೂವೂ ಲೆಕ್ಕ ತಪ್ಪುವುದಿಲ್ಲ. ಅದನ್ನು ಬರಿಯ ಭಾವಾವೇಶ ಎಂದು ಓದಿದರೆ ಅರ್ಧ ಮಾತ್ರ ಕಾಣುತ್ತದೆ. ಜಮೆ ಬರೆಯುವವನ ಶಿಸ್ತು ಅಲ್ಲಿ ಉಳಿದೇ ಇದೆ. ಬದಲಾಗಿರುವುದು ಲೆಕ್ಕ ಒಪ್ಪಿಸುವ ಜಾಗ.

ಇದಕ್ಕಿಂತ ದೊಡ್ಡ ಸಾಕ್ಷಿ ‘ಬಸವರಾಜದೇವರ ರಗಳೆ’ಯಲ್ಲಿದೆ. ಅಲ್ಲಿ ಬಸವಣ್ಣ ಕೂಡಲಸಂಗಮದ ಗುಡಿಯಲ್ಲಿ ಪೂಜೆ ಮಾಡಿಕೊಂಡು ಸುಖವಾಗಿದ್ದಾನೆ. ಬಿಜ್ಜಳನ ಮಂಗಳವಾಡಕ್ಕೆ ಹೋಗು ಎಂದು ಸಂಗಮನಾಥನೇ ಕನಸಿನಲ್ಲಿ ಬಂದು ಹೇಳಿದಾಗ ಅವನು ಹಿಗ್ಗುವುದಿಲ್ಲ, ಅಗಲಲಾರೆನೆಂದು ಅಳುತ್ತಾನೆ. ಕೊನೆಗೆ ಹೋಗುತ್ತಾನೆ. ಮಂಗಳವಾಡದಲ್ಲಿ ಅವನು ಮೊದಲು ಹೋಗಿ ಕೂರುವುದು ಕರಣಿಕರ ನಡುವೆ. ಅವರ ಲೆಕ್ಕದಲ್ಲಿದ್ದ ತಪ್ಪನ್ನು ತೋರಿಸಿ ಸಿದ್ಧದಂಡಾಧಿಪನ ಮೆಚ್ಚುಗೆ ಪಡೆದು ಕೆಲಸಕ್ಕೆ ಸೇರುತ್ತಾನೆ. ಪರಂಪರೆಯ ಕತೆಯಲ್ಲಿ ಕವಿ ಕಚೇರಿಯಿಂದ ಗುಡಿಗೆ ಬಂದ. ಅದೇ ಕವಿಯ ಕಾವ್ಯದಲ್ಲಿ ನಾಯಕ ಗುಡಿಯಿಂದ ಕಚೇರಿಗೆ ಹೋಗುತ್ತಾನೆ. ಲೆಕ್ಕದ ಕೆಲಸ ಕೀಳೆಂದು ಹರಿಹರ ನಂಬಿದ್ದರೆ ತನ್ನ ಅತ್ಯಂತ ಪ್ರೀತಿಯ ಶರಣನನ್ನು ಆ ಮಣೆಯ ಮೇಲೆ ಕೂರಿಸುತ್ತಿರಲಿಲ್ಲ. ಮುಂದೆ ಭಂಡಾರಿಯಾದ ಬಸವಣ್ಣನ ಮೇಲೆ ಬೊಕ್ಕಸ ಖಾಲಿ ಮಾಡಿದನೆಂಬ ದೂರು ಬಂದಾಗಲೂ ಅವನನ್ನು ಕಾಯುವುದು ಲೆಕ್ಕವೇ.

ಹರಿಹರನ ಬೇರೆ ಶರಣರನ್ನೂ ಹೀಗೆ ಸಾಲಾಗಿ ನಿಲ್ಲಿಸಿ ನೋಡಬಹುದು. ಕುಂಬಾರ ಗುಂಡಯ್ಯ ಎಲ್ಲಿಗೂ ಹೋಗುವುದಿಲ್ಲ. ತನ್ನ ಮನೆಯಲ್ಲೇ ಮಡಕೆ ತಟ್ಟುತ್ತಾನೆ, ಆ ತಟ್ಟಿನ ತಾಳಕ್ಕೆ ಶಿವನೇ ಇಳಿದುಬಂದು ಕುಣಿಯುತ್ತಾನೆ. ಮಹಾದೇವಿಯಕ್ಕನೋ ಅರಮನೆಯನ್ನು ಬಿಟ್ಟೇ ಹೋಗುತ್ತಾಳೆ. ಅವಳಿಗೆ ಅಲ್ಲಿ ಇರುವುದೆಂದರೆ ಉಸಿರು ಕಟ್ಟುವುದು. ಇದ್ದಲ್ಲೇ ಇರುವವನೂ ಬಿಟ್ಟು ಹೊರಡುವವಳೂ ಒಂದೇ ಛಂದಸ್ಸಿನಲ್ಲಿ, ಒಂದೇ ಗೌರವದಲ್ಲಿ ಬರುತ್ತಾರೆ. ಹೊರಡುವುದೇ ಮೇಲು ಎಂಬ ಸೂತ್ರ ರಗಳೆಗಳಲ್ಲಿ ಇಲ್ಲ. ಅದನ್ನು ಸೇರಿಸಿದವರು ನಾವು.

ಹಳೇಬೀಡನ್ನು ಬಿಡದೇ ದೊಡ್ಡವನಾದ ಕವಿಯೂ ನಮಗಿದ್ದಾನೆ. ಜನ್ನ 1209ರಲ್ಲಿ ‘ಯಶೋಧರ ಚರಿತೆ’ಯನ್ನೂ 1230ರಲ್ಲಿ ‘ಅನಂತನಾಥ ಪುರಾಣ’ವನ್ನೂ ಬರೆದದ್ದು ಹೊಯ್ಸಳರ ಆಶ್ರಯದಲ್ಲೇ, ಕವಿಚಕ್ರವರ್ತಿಯೆಂಬ ಬಿರುದು ಹೊತ್ತುಕೊಂಡೇ. ಅಮೃತಮತಿಯ ಮನಸ್ಸಿನ ಕತ್ತಲೆಗೆ ಇಳಿಯುವುದಕ್ಕೆ ಅವನಿಗೆ ಅರಮನೆ ಅಡ್ಡಿಯಾಗಲಿಲ್ಲ.

ಹಾಗಾದರೆ ಬಿಟ್ಟು ಹೊರಡುವುದರ ಬಗ್ಗೆ ಕೇಳಬೇಕಾದ ಪ್ರಶ್ನೆ ಯಾವುದು? ಹಳೇಬೀಡಿನಿಂದ ಹದಿನೈದು ಹದಿನಾರು ಕಿಲೋಮೀಟರ್ ದೂರದ ಬೇಲೂರಿನಲ್ಲಿ ಜನ ಹೇಳುವ ಕತೆಯೊಂದು ಅದನ್ನು ತೋರಿಸುತ್ತದೆ. ಚೆನ್ನಕೇಶವನ ಗುಡಿ 1117ರದ್ದು. ಅಲ್ಲಿನ ಮದನಿಕೆಗಳ ಅಡಿಯಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳಿವೆ. ತಂದೆ ಮಗ ಕೂಡಿ ಊರು ಬಿಟ್ಟು ಬಂದು, ಕೂಡಿ ಕೆಲಸ ಮಾಡಿ, ಹೆಸರು ಕೊರೆದು ಹೋದರು. ಆದರೆ ಜನರ ಬಾಯಲ್ಲಿ ಉಳಿದದ್ದು ಶಾಸನಗಳ ಆಧಾರವಿಲ್ಲದ ಜಕಣಾಚಾರಿ. ಬಸುರಿ ಹೆಂಡತಿಯನ್ನು ಬಿಟ್ಟು ಕಲೆಯ ಹಿಂದೆ ಹೋದ ಅವನನ್ನು ಕಾಣದ ಮಗ ಡಂಕಣ ಹುಡುಕಿಕೊಂಡು ಬಂದು, ಅಪ್ಪ ಎಂದು ಗೊತ್ತಿಲ್ಲದೆಯೇ ಅವನ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ಕಲ್ಲಿನೊಳಗೆ ಕಪ್ಪೆ ಇರುತ್ತದೆ, ಜಕಣ ತನ್ನ ಬಲಗೈ ಕಡಿದುಕೊಳ್ಳುತ್ತಾನೆ. ಬಿಟ್ಟು ಹೋದವನ ಲೆಕ್ಕವನ್ನು ಬಿಡಲ್ಪಟ್ಟವನು ಬಂದು ತೆಗೆದ ಕತೆ ಇದು.

ಹರಿಹರನ ಕತೆಗೂ ಇಂಥದ್ದೇ ಎರಡನೆಯ ಭಾಗವಿದೆ, ಹುರುಪಿನ ಭಾಷಣಗಳಲ್ಲಿ ಅದು ಬರುವುದಿಲ್ಲ. ಅವನ ಸೋದರಳಿಯ, ಶಿಷ್ಯ ರಾಘವಾಂಕ ‘ಹರಿಶ್ಚಂದ್ರ ಕಾವ್ಯ’ ಬರೆದು ತಂದ. ಶಿವನನ್ನೂ ಶರಣರನ್ನೂ ಬಿಟ್ಟು ನರರನ್ನು ಹಾಡಬಾರದೆಂಬುದು ಮಾವನ ಪಣ. ಸಿಟ್ಟಿಗೆದ್ದ ಹರಿಹರ ಹಾವುಗೆಯಿಂದ ಹೊಡೆದ, ಅಳಿಯನ ಹಲ್ಲುಗಳು ಉದುರಿದವು, ಶರಣರ ಚರಿತ್ರೆಗಳನ್ನು ಬರೆದ ಮೇಲೆಯೇ ಅವು ಮರಳಿ ಬಂದವು ಎಂದು ಪರಂಪರೆ ಹೇಳುತ್ತದೆ. ಇದೂ ಐತಿಹ್ಯವೇ. ಆದರೂ ಅದರ ಎಚ್ಚರ ದೊಡ್ಡದು. ಅರಸನ ಓಲಗವನ್ನು ಧಿಕ್ಕರಿಸಿ ಹೊರಬಂದವನು ತಾನು ಕಂಡುಕೊಂಡದ್ದನ್ನೇ ಮುಂದಿನವನಿಗೆ ಅಪ್ಪಣೆ ಮಾಡಿದ. ನನ್ನ ಪೀಳಿಗೆಗೆ ಸಿಗುವ ಉಪದೇಶಗಳಲ್ಲಿ ಹಲವು ಆ ಹಾವುಗೆಯ ಜಾತಿಯವು. ತಮಗೆ ಬಿಡುಗಡೆಯಾಗಿದ್ದ ದಾರಿಯನ್ನು ಹಿರಿಯರು ಪ್ರೀತಿಯಿಂದಲೇ ನಮ್ಮ ಮೇಲೆ ಕಟ್ಟಳೆಯಾಗಿ ಹೇರುತ್ತಾರೆ.

ರಾಘವಾಂಕ ಆ ಕಾವ್ಯವನ್ನು ಸುಟ್ಟುಹಾಕಲಿಲ್ಲ, ಅದು ಉಳಿದಿದೆ. ಮಾವನ ರಗಳೆಯನ್ನು ಬಿಟ್ಟು ಅವನು ಷಟ್ಪದಿಯನ್ನು ಹಿಡಿದ. ಕನ್ನಡದ ಕತೆಗಾರಿಕೆಗೆ ಮುಂದಿನ ಶತಮಾನಗಳಲ್ಲಿ ಒದಗಿ ಬಂದದ್ದು ಅದೇ. ಆ ಕಾವ್ಯದ ವಸ್ತುವನ್ನು ಈಗ ಮತ್ತೊಮ್ಮೆ ನೋಡಿದರೆ ಮಾವನಿಗೆ ಅಳಿಯ ಕೊಟ್ಟ ಉತ್ತರದಂತೆ ಕಾಣುತ್ತದೆ. ಹರಿಶ್ಚಂದ್ರ ರಾಜ್ಯವನ್ನು ಒಲವಿನಿಂದ ಬಿಟ್ಟವನಲ್ಲ, ಕಳೆದುಕೊಂಡವನು. ವೀರಬಾಹುಕನಿಗೆ ಮಾರಿಕೊಂಡು ಸುಡುಗಾಡು ಕಾಯುವ ಕೆಲಸವನ್ನು ಅವನು ಆರಿಸಿಕೊಂಡದ್ದಲ್ಲ, ಅದು ಅವನ ಪಾಲಿಗೆ ಬಂದದ್ದು. ಆ ಕೆಲಸದಲ್ಲಿ ಅವನಿಗೆ ಯಾವ ಹಿಗ್ಗೂ ಇಲ್ಲ. ನಡುರಾತ್ರಿ ಹೆಂಡತಿ ಸತ್ತ ಮಗನನ್ನು ಹೊತ್ತು ತಂದಾಗಲೂ ಒಡೆಯನಿಗೆ ಸಲ್ಲಬೇಕಾದ ಹಣವನ್ನು ಕೇಳುತ್ತಾನೆ, ಬಿಟ್ಟುಕೊಡುವುದಿಲ್ಲ. ಬದುಕು ಹೊರಳಿದಾಗ ಉತ್ಸಾಹ ಉಳಿಯದೆ ಹೋಗಬಹುದು, ಆಗಲೂ ಉಳಿಸಿಕೊಳ್ಳಬಹುದಾದ ಒಂದಿದೆ ಎಂಬುದು ಆ ಕಾವ್ಯದ ನೋಟ. ಮೇಜಿನ ಮೇಲೆ ಪ್ರಬಂಧವನ್ನೂ ಗೈಡನ್ನೂ ಒಟ್ಟಿಗೆ ಇಟ್ಟುಕೊಂಡವರಿಗೆ ನಾನು ಕೊಡಬಯಸುವುದು ಹಂಪೆಗೆ ಹೋದ ಕವಿಯ ಐತಿಹ್ಯವನ್ನಲ್ಲ, ಅವನ ‘ಬಸವರಾಜದೇವರ ರಗಳೆ’ಯನ್ನು, ಅದರ ಜೊತೆಗೆ ಅವನಿಗೆ ಒಪ್ಪಿಗೆಯಾಗದ ಅಳಿಯನ ಈ ಪುಸ್ತಕವನ್ನು.